ತುಂಬು ಬಸಿರು ಮತ್ತು ಸೋಂಕಿನ ಸೂಚಕಗಳು

ದಿನ ತುಂಬುತ್ತ ಬಂದ ಬಸುರಿಯ ರಕ್ತಪರೀಕ್ಷೆಯ ಕಾಗದ ಮನೆಗೆ ಬಂದಾಗ ಅಲ್ಲಿ ನಡೆಯುವುದೇನೆಂಬುದನ್ನು ನಮ್ಮಲ್ಲಿ ಅನೇಕರು ಕಂಡೇ ಇದ್ದೇವೆ. ಕಾಗದದ ಮೊದಲ ಅಂಕಣದಲ್ಲಿ ಪರೀಕ್ಷೆಯ ಹೆಸರು, ಎರಡನೆಯದರಲ್ಲಿ ದೊರೆತ ಅಂಕೆ, ಮೂರನೆಯದರಲ್ಲಿ ‘ಸಹಜ ಪ್ರಮಾಣ’ ಎಂಬ ಶಿರೋನಾಮೆಯ ಕೆಳಗೆ ಇನ್ನೆರಡು ಅಂಕೆಗಳು. ಸಿ. ಆರ್. ಪಿ. ಎಂಬುದರ ಎದುರಿಗೆ 7 ಎಂದಿದೆ. ಸಹಜವೆಂದರೆ 5ಕ್ಕಿಂತ ಕಡಿಮೆ ಇರಬೇಕಂತೆ. ಇ. ಎಸ್. ಆರ್. 58, ಅದು 20ನ್ನು ಮೀರಬಾರದಂತೆ. ರಕ್ತದ ಬಿಳಿಯ ಕಣಗಳು 13,400. ಅವಕ್ಕೆ 11,000 ಮೇರೆಯಂತೆ. ಮೂರು ಅಂಕೆಗಳೂ ದಪ್ಪಕ್ಷರದಲ್ಲಿ ಅಚ್ಚಾಗಿ, ಪಕ್ಕದಲ್ಲಿ ನಕ್ಷತ್ರದ ಗುರುತನ್ನು ಹೊತ್ತು ಕುಳಿತಿವೆ. “ಇದೇನೋ ಸೋಂಕಿನ ಪರೀಕ್ಷೆ ಅಂತಲ್ಲವೇನೋ? ಹೊಟ್ಟೆಯೊಳಗಿನ ಕೂಸಿಗೆ ಏನಾದರೂ ತಗುಲಿತೇನಪ್ಪಾ?” ಎಂದು ಅತ್ತೆಯವರು ಮಗನನ್ನು ಕೇಳುತ್ತಾರೆ. ಮಗನಿಗೆ ಉತ್ತರ ತಿಳಿಯದು. ಆ ರಾತ್ರಿ ಆ ಮನೆಯಲ್ಲಿ ಯಾರಿಗೂ ಸರಿಯಾಗಿ ನಿದ್ರೆ ಇಲ್ಲ.

ಆ ಮೂರು ಅಂಕೆಗಳೂ ಎಂಟೊಂಬತ್ತು ತಿಂಗಳ ಆರೋಗ್ಯವಂತ ಬಸುರಿಯಲ್ಲಿ ದಿನನಿತ್ಯ ಕಾಣುವಂಥವೇ ಎಂಬುದನ್ನು ಮೊದಲೇ ಹೇಳಿಬಿಡುತ್ತೇವೆ. ಆದರೆ ಇಷ್ಟನ್ನೇ ಹೇಳಿ ಕೇಳುಗರನ್ನು ಕಳುಹಿಸಿಕೊಟ್ಟರೆ ಇನ್ನೊಂದು ಅಪಾಯವುಂಟು. ‘ಬಸಿರಿನಲ್ಲಿ ಇವೆಲ್ಲ ಏರುವುದು ಸಹಜ’ ಎಂಬ ಅರ್ಧಸತ್ಯವನ್ನು ನೆಚ್ಚಿ, ನಿಜವಾಗಿಯೂ ಸೋಂಕು ತಗುಲಿದ ತಾಯಿಯನ್ನು ಮನೆಯಲ್ಲಿಯೇ ಇರಿಸಿಕೊಂಡು ಹೊತ್ತು ಕಳೆದವರೂ ಇದ್ದಾರೆ. ಭಯವೂ ಕೇಡು, ಉದಾಸೀನವೂ ಕೇಡು. ಎರಡರಲ್ಲಿ ಎರಡನೆಯದು ಪ್ರಾಣಕ್ಕೆ ಹತ್ತಿರವಾದುದು. ಆದುದರಿಂದ ಈ ಅಂಕೆಗಳು ಎಲ್ಲಿಂದ ಬಂದುವು, ಏನನ್ನು ಅಳೆಯುತ್ತವೆ, ಏನನ್ನು ಅಳೆಯಲಾರವು ಎಂಬುದನ್ನು ಕೊಂಚ ವಿವರವಾಗಿಯೇ ನೋಡೋಣ.

ಮೊದಲು ಆ ಮೂರನೆಯ ಅಂಕಣದ ವಿಚಾರ. ‘ಸಹಜ ಪ್ರಮಾಣ’ ಎಂಬುದು ಪ್ರಕೃತಿ ಎಳೆದ ಗೆರೆಯಲ್ಲ. ಆರೋಗ್ಯವಂತರೆಂದು ತೋರುವ ಕೆಲವು ನೂರು ಮಂದಿಯನ್ನು ಆರಿಸಿ, ಅವರ ರಕ್ತವನ್ನು ಅಳೆದು, ತೀರ ಕೆಳಗಿನ ಮತ್ತು ತೀರ ಮೇಲಿನ ಕೆಲವರನ್ನು ಬಿಟ್ಟು, ನಡುವಣ ನೂರಕ್ಕೆ ತೊಂಬತ್ತೈದು ಮಂದಿಯನ್ನು ಒಳಗೊಳ್ಳುವ ಎರಡು ಅಂಕೆಗಳನ್ನು ಗುರುತಿಸುವುದು ಸಾಮಾನ್ಯವಾದ ಪದ್ಧತಿ. ಎಂದರೆ, ಯಾವ ರೋಗವೂ ಇಲ್ಲದ ನೂರು ಮಂದಿಯಲ್ಲಿ ಐದು ಮಂದಿ ಈ ಗೆರೆಗಳ ಆಚೆ ಬೀಳುವುದು ಲೆಕ್ಕದಲ್ಲಿಯೇ ಅಡಗಿದೆ. ಇದಕ್ಕಿಂತ ಮುಖ್ಯವಾದ ಮಾತೆಂದರೆ, ಹಾಗೆ ಆರಿಸಲ್ಪಟ್ಟವರು ಬಸುರಿಯರಲ್ಲ. ಬಸುರಿಯ ಕಾಗದಕ್ಕೂ ಮಿಕ್ಕವರ ಕಾಗದಕ್ಕೂ ಪ್ರಯೋಗಶಾಲೆಯ ಯಂತ್ರವು ಸಾಮಾನ್ಯವಾಗಿ ಒಂದೇ ಗೆರೆಯನ್ನು ಅಚ್ಚು ಮಾಡುತ್ತದೆ. ನಕ್ಷತ್ರದ ಗುರುತನ್ನು ಹಾಕಿದುದು ಆ ಯಂತ್ರ, ವೈದ್ಯರಲ್ಲ.

ಈಗ ಇ. ಎಸ್. ಆರ್. ಎಂಬುದನ್ನು ತೆಗೆದುಕೊಳ್ಳೋಣ. ರಕ್ತವು ಹೆಪ್ಪುಗಟ್ಟದಂತೆ ಲವಣವೊಂದನ್ನು ಬೆರೆಸಿ, ಸಣ್ಣ ಗಾಜಿನ ಕೊಳವೆಯಲ್ಲಿ ನೆಟ್ಟಗೆ ನಿಲ್ಲಿಸಿದರೆ ಕೆಂಪು ಕಣಗಳು ನಿಧಾನವಾಗಿ ಕೆಳಕ್ಕೆ ಇಳಿಯುವುವು. ಮೇಲೆ ಹಳದಿ ಬಣ್ಣದ ತಿಳಿ ನಿಲ್ಲುವುದು. ಒಂದು ಗಂಟೆಯಲ್ಲಿ ಎಷ್ಟು ಮಿಲಿಮೀಟರು ಇಳಿಯಿತೆಂಬುದೇ ಇ. ಎಸ್. ಆರ್. ಇದರ ಚರಿತ್ರೆ ಬಹು ಸ್ವಾರಸ್ಯವಾದುದು. ಯೂರೋಪಿನ ಹಳೆಯ ವೈದ್ಯರು ಯಾವ ರೋಗಕ್ಕಾದರೂ ರಕ್ತ ಬಿಡಿಸುತ್ತಿದ್ದ ಕಾಲದಲ್ಲಿ, ಬಟ್ಟಲಿನಲ್ಲಿ ಹಿಡಿದ ರಕ್ತದ ಮೇಲೆ ಕೆಲವೊಮ್ಮೆ ಬಿಳಿಚಾದ ಕೆನೆಯೊಂದು ಕಟ್ಟುವುದನ್ನು ಅವರು ಕಾಣುತ್ತಿದ್ದರು. ಕಣಗಳು ಬೇಗನೆ ಇಳಿದುಹೋಗಿ, ಮೇಲಣ ತಿಳಿ ಬೇರೆಯಾಗಿ ಹೆಪ್ಪುಗಟ್ಟಿದುದರ ಫಲವದು. ಅವರಾದರೋ ಆ ಕೆನೆಯೇ ಉರಿಯೂತದ ಕೆಟ್ಟ ದ್ರವ್ಯವೆಂದು ಬಗೆದು, ಅದು ತೀರುವವರೆಗೂ ಎಂಬಂತೆ ಇನ್ನಷ್ಟು ರಕ್ತವನ್ನು ಬಿಡಿಸುತ್ತಿದ್ದರು. ಆರೋಗ್ಯವಾಗಿದ್ದ ಬಸುರಿಯರ ರಕ್ತದಲ್ಲಿಯೂ ಅದೇ ಕೆನೆ ಕಟ್ಟುತ್ತಿತ್ತು. ಸಹಜವಾದುದನ್ನು ರೋಗವೆಂದು ಓದಿದ ತಪ್ಪಿಗೆ ಎಷ್ಟು ಹಳೆಯ ವಂಶವೃಕ್ಷವಿದೆ ನೋಡಿ.

1897ರಲ್ಲಿ ಪೋಲೆಂಡಿನ ವೈದ್ಯ ಎಡ್ಮಂಡ್ ಬಿಯರ್ನಾಟ್ಸ್ಕಿ ಈ ಇಳಿತವನ್ನು ಅಳತೆಗೆ ತಂದನು. ಆಮೇಲೆ 1918ರಲ್ಲಿ ಸ್ವೀಡನ್ನಿನ ರಾಬಿನ್ ಫಾರಿಯಸ್ ಎಂಬಾತನು ಬಸುರಿಯರ ರಕ್ತದಲ್ಲಿ ಕಣಗಳು ಬಹು ವೇಗವಾಗಿ ಇಳಿಯುವುದನ್ನು ವರದಿ ಮಾಡಿದನು. ಬಸಿರನ್ನು ಪತ್ತೆಮಾಡುವುದಕ್ಕೆ ಇದೊಂದು ಪರೀಕ್ಷೆಯಾಗಬಹುದೇ ಎಂಬುದು ಅವನ ಮೊದಲ ಆಸೆ. ಬೇರೆ ನಾನಾ ರೋಗಗಳಲ್ಲಿಯೂ ಇದೇ ಕಂಡುಬಂದುದರಿಂದ ಆ ಆಸೆ ನೆರವೇರಲಿಲ್ಲ. 1921ರಲ್ಲಿ ಅದೇ ದೇಶದ ಆಲ್ಫ್ ವೆಸ್ಟರ್‌ಗ್ರೆನ್ ಎಂಬಾತನು ಕ್ಷಯರೋಗಿಗಳಲ್ಲಿ ಇದನ್ನು ಅಳೆದ ಮೇಲೆ, ಈ ಪರೀಕ್ಷೆ ರೋಗಸೂಚಕವೆಂದೇ ಲೋಕಪ್ರಸಿದ್ಧವಾಯಿತು. ಬಸಿರಿನ ಗುರುತೆಂದು ಹುಟ್ಟಿದುದನ್ನೇ ಇಂದು ಬಸುರಿಯ ಕಾಗದದಲ್ಲಿ ಕಂಡು ರೋಗವೆಂದು ಹೆದರುತ್ತಿದ್ದೇವೆ!

ಬಸಿರಿನಲ್ಲಿ ಕಣಗಳು ಹೀಗೆ ಓಡಿ ಇಳಿಯುವುದೇಕೆ? ರಕ್ತರಸದಲ್ಲಿ ಫೈಬ್ರಿನೊಜೆನ್ ಎಂಬ ಪ್ರೋಟೀನೊಂದುಂಟು. ರಕ್ತವು ಹೆಪ್ಪುಗಟ್ಟುವುದಕ್ಕೆ ಬೇಕಾದ ನೂಲು ನೇಯುವುದು ಇದರಿಂದಲೇ. ಇದು ಹೆಚ್ಚಾದಾಗ ಕೆಂಪು ಕಣಗಳು ನಾಣ್ಯಗಳನ್ನು ಪೇರಿಸಿಟ್ಟಂತೆ ಒಂದರ ಮೇಲೊಂದು ಅಂಟಿಕೊಂಡು, ಭಾರವಾಗಿ, ಬೇಗ ತಳ ಸೇರುತ್ತವೆ. ಸಾಮಾನ್ಯವಾಗಿ ಲೀಟರಿಗೆ 2ರಿಂದ 4 ಗ್ರಾಂ ಇರುವ ಫೈಬ್ರಿನೊಜೆನ್ ತುಂಬು ಬಸಿರಿನಲ್ಲಿ 6 ಗ್ರಾಂವರೆಗೂ ಏರುವುದುಂಟು. ಇದು ದೇಹದ ಮುಂದಾಲೋಚನೆ. ದಿನ ತುಂಬಿದಾಗ ಗರ್ಭಕೋಶಕ್ಕೆ ನಿಮಿಷವೊಂದಕ್ಕೆ ಅರ್ಧ ಲೀಟರಿಗೂ ಮಿಕ್ಕ ರಕ್ತ ಹರಿಯುತ್ತಿರುತ್ತದೆ. ಮಾಸು ಕಳಚಿದ ಕ್ಷಣದಲ್ಲಿ ಅಷ್ಟು ದೊಡ್ಡ ಗಾಯ ಬಾಯ್ದೆರೆಯುವುದು. ಅದನ್ನು ಮುಚ್ಚುವ ಸಾಮಗ್ರಿಯನ್ನು ದೇಹವು ತಿಂಗಳುಗಟ್ಟಲೆ ಮುಂಚಿನಿಂದಲೇ ಕೂಡಿಡುತ್ತ ಬರುತ್ತದೆ. ಇದರ ಜೊತೆಗೆ, ಬಸಿರಿನಲ್ಲಿ ರಕ್ತರಸವು ಶೇಕಡ ನಲವತ್ತು ಐವತ್ತರಷ್ಟು ಹೆಚ್ಚುವುದು; ಕೆಂಪು ಕಣಗಳು ಅಷ್ಟು ಹೆಚ್ಚುವುದಿಲ್ಲ. ರಕ್ತವು ತೆಳುವಾಗಿ, ಇಳಿಯುವ ಕಣಗಳಿಗೆ ದಾರಿ ಸುಗಮವಾಗುವುದು.

ಆದಕಾರಣ ಬಸಿರಿನ ಕಡೆಯ ಮೂರು ತಿಂಗಳಲ್ಲಿ ಇ. ಎಸ್. ಆರ್. 13ರಿಂದ 70ರವರೆಗೆ ಎಲ್ಲಿದ್ದರೂ ಅದು ಸಹಜವೆನಿಸುವುದು. ರಕ್ತಹೀನತೆಯುಳ್ಳವರಲ್ಲಿ 90ನ್ನೂ ದಾಟಬಹುದು. ಭಾರತದಲ್ಲಿ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಎಂದರೆ ನೂರಕ್ಕೆ 52 ಮಂದಿ, ರಕ್ತಹೀನರು. ಹೀಗಿರುವಲ್ಲಿ ಬಸುರಿಯಲ್ಲಿ ಸೋಂಕನ್ನು ಹುಡುಕುವುದಕ್ಕೆ ಇ. ಎಸ್. ಆರ್. ನಿಂದ ಏನು ಪ್ರಯೋಜನವಾದೀತು? ನಮ್ಮ ಅಭಿಪ್ರಾಯವನ್ನು ಮುಚ್ಚಿಡದೆ ಹೇಳುವುದಾದರೆ, ಏನೂ ಇಲ್ಲ. ಅದನ್ನು ಮಾಡಿಸದಿರುವುದೇ ಲೇಸು.

ಬಿಳಿಯ ಕಣಗಳ ಲೆಕ್ಕವು ಇದಕ್ಕಿಂತ ಸ್ವಲ್ಪ ಮೇಲು, ಸ್ವಲ್ಪ ಮಾತ್ರ. ಕಡೆಯ ತಿಂಗಳುಗಳಲ್ಲಿ ಘನ ಮಿಲಿಮೀಟರಿಗೆ ಸುಮಾರು 6,000ದಿಂದ 17,000ದವರೆಗೆ ಇರುವುದು ವಾಡಿಕೆ. ಹೆರಿಗೆಯ ನೋವು ಆರಂಭವಾದ ಮೇಲಂತೂ, ಆ ಶ್ರಮಕ್ಕೇ 25,000ಕ್ಕೆ, ಒಮ್ಮೊಮ್ಮೆ ಅದಕ್ಕೂ ಮೇಲಕ್ಕೆ ಹೋಗುವುದುಂಟು. ಅವಧಿಗೆ ಮುಂಚೆ ಹೆರಿಗೆಯಾಗುವ ಸೂಚನೆಯಿದ್ದಲ್ಲಿ ಮಗುವಿನ ಶ್ವಾಸಕೋಶವನ್ನು ಬಲಪಡಿಸುವುದಕ್ಕೆಂದು ತಾಯಿಗೆ ಸ್ಟೆರಾಯ್ಡ್ ಚುಚ್ಚುಮದ್ದನ್ನು ಕೊಡುತ್ತಾರಷ್ಟೆ. ಆ ಮದ್ದೂ ಒಂದೆರಡು ದಿನ ಬಿಳಿಯ ಕಣಗಳನ್ನು ಏರಿಸುತ್ತದೆ.

ಇನ್ನು ಸಿ. ಆರ್. ಪಿ. ಈಗ ವೈದ್ಯರು ಹೆಚ್ಚಾಗಿ ನೋಡುವುದು ಇದನ್ನೇ. ಪೂರ್ಣವಾದ ಹೆಸರು ಸಿ-ರಿಯಾಕ್ಟಿವ್ ಪ್ರೋಟೀನ್. ಈ ‘ಸಿ’ ಏನೆಂದು ಕೇಳುಗರಿಗೆ ಕುತೂಹಲವಾಗಬಹುದು. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಆಸ್ಪತ್ರೆಯಲ್ಲಿ ವಿಲಿಯಂ ಟಿಲೆಟ್ ಮತ್ತು ಥಾಮಸ್ ಫ್ರಾನ್ಸಿಸ್ ಎಂಬಿಬ್ಬರು ನ್ಯುಮೋನಿಯ ರೋಗಿಗಳ ರಕ್ತವನ್ನು ಪರೀಕ್ಷಿಸುತ್ತಿದ್ದರು. ಆ ರೋಗವನ್ನು ತರುವ ಸೂಕ್ಷ್ಮಜೀವಿಯ ಒಡಲಿನಿಂದ ಬೇರ್ಪಡಿಸಿದ ಹಲವು ಅಂಶಗಳಲ್ಲಿ ‘ಸಿ’ ಎಂದು ಹೆಸರಿಟ್ಟಿದ್ದ ಸಕ್ಕರೆಯ ಜಾತಿಯ ವಸ್ತುವೊಂದಿತ್ತು. ರೋಗ ಉಲ್ಬಣವಾಗಿದ್ದಾಗ ತೆಗೆದ ರಕ್ತದ ತಿಳಿಗೆ ಇದನ್ನು ಬೆರೆಸಿದರೆ ತಿಳಿಯು ಕದಡಿ ಮಡ್ಡಿ ಕೂಡುತ್ತಿತ್ತು. ರೋಗಿ ಗುಣವಾದ ಮೇಲೆ ತೆಗೆದ ರಕ್ತದಲ್ಲಿ ಹಾಗಾಗುತ್ತಿರಲಿಲ್ಲ. ಸೋಂಕನ್ನು ಎದುರಿಸಿ ದೇಹದಲ್ಲಿ ಹುಟ್ಟುವ ಪ್ರತಿವಸ್ತುಗಳ ನಡತೆ ಇದಕ್ಕೆ ವಿರುದ್ಧ. ಅವು ಗುಣವಾಗುತ್ತ ಬಂದಂತೆ ಹೆಚ್ಚುವುವು. ಆದುದರಿಂದ ಇದು ಬೇರೆಯೇ ವಸ್ತುವೆಂದು ತಿಳಿಯಿತು. ಅದೇ ಪ್ರಯೋಗಶಾಲೆಯಲ್ಲಿ 1941ರ ವೇಳೆಗೆ ಇದೊಂದು ಪ್ರೋಟೀನೆಂದು ಸ್ಥಿರಪಟ್ಟಿತು. ಮುಂದೆ, ನ್ಯುಮೋನಿಯಕ್ಕೆ ಮಾತ್ರವಲ್ಲ, ಬೇರೆ ಸೋಂಕುಗಳಿಗೂ, ಮೂಳೆ ಮುರಿದುದಕ್ಕೂ, ಹೃದಯಾಘಾತಕ್ಕೂ, ಶಸ್ತ್ರಚಿಕಿತ್ಸೆಗೂ ಇದು ಏರುವುದು ಕಂಡುಬಂದಿತು. ಎಂತಲೇ ಇದನ್ನು ಸೋಂಕಿನ ಸೂಚಕವೆನ್ನುವುದಕ್ಕಿಂತ ದೇಹಕ್ಕೆ ಆದ ಘಾಸಿಯ ಸೂಚಕವೆನ್ನುವುದು ಸರಿಯಾದೀತು. ಊರಿನಲ್ಲಿ ನಗಾರಿ ಬಾರಿಸಿತೆಂದರೆ ಏನೋ ನಡೆದಿದೆಯೆಂದು ತಿಳಿಯುವುದು. ಬೆಂಕಿಯೋ, ಕಳ್ಳರೋ, ಮೆರವಣಿಗೆಯೋ ಹೊರಗೆ ಬಂದು ನೋಡಬೇಕು.

ಈ ವಸ್ತು ತಯಾರಾಗುವುದು ಪಿತ್ತಜನಕಾಂಗದಲ್ಲಿ. ಘಾಸಿಯಾದ ಎಡೆಯಿಂದ ರಾಸಾಯನಿಕ ಕರೆ ಹೊರಟು ಅಲ್ಲಿಗೆ ತಲುಪಬೇಕು, ಅಲ್ಲಿ ಉತ್ಪಾದನೆ ಮೊದಲಾಗಬೇಕು. ಇದಕ್ಕೆ ಆರೆಂಟು ಗಂಟೆ ಹಿಡಿಯುತ್ತದೆ. ಆಮೇಲೆ ಸುಮಾರು ಎಂಟು ಗಂಟೆಗೊಮ್ಮೆ ಇಮ್ಮಡಿಯಾಗುತ್ತ ಎರಡು ದಿನದ ಹೊತ್ತಿಗೆ ಶಿಖರವನ್ನು ಮುಟ್ಟುತ್ತದೆ. ಆರೋಗ್ಯವಂತರಲ್ಲಿ ಲೀಟರಿಗೆ ಒಂದು ಮಿಲಿಗ್ರಾಮಿನ ಆಸುಪಾಸಿನಲ್ಲಿರುವುದು ಘೋರವಾದ ಸೋಂಕಿನಲ್ಲಿ ಐನೂರರವರೆಗೂ ಏರಬಲ್ಲುದು. ಕಾರಣ ತೀರಿದೊಡನೆ ಉತ್ಪಾದನೆ ನಿಲ್ಲುವುದು. ರಕ್ತದಲ್ಲಿದ್ದುದು ಹತ್ತೊಂಬತ್ತು ಗಂಟೆಗೊಮ್ಮೆ ಅರ್ಧರ್ಧವಾಗಿ ಕರಗುವುದು. ಬೇಗ ಏರಿ ಬೇಗ ಇಳಿಯುವ ಈ ಗುಣದಿಂದಲೇ ವೈದ್ಯರಿಗೆ ಇದರ ಮೇಲೆ ಅಭಿಮಾನ.

ಬಸಿರಿನಲ್ಲಿ ಇದೂ ಸ್ವಲ್ಪ ಏರುತ್ತದೆ. ಆದರೆ ಇ. ಎಸ್. ಆರ್. ನಂತೆ ಮಿತಿಮೀರಿ ಏರುವುದಿಲ್ಲ. ಅಮೆರಿಕದ ಪ್ರಸೂತಿ ವೈದ್ಯರು 2009ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿದ ಪಟ್ಟಿಯಲ್ಲಿ ಬಸುರಿಯಲ್ಲದವರಿಗೆ ಲೀಟರಿಗೆ 0.2ರಿಂದ 3 ಮಿಲಿಗ್ರಾಂ, ನಡುವಣ ಮೂರು ತಿಂಗಳಿಗೆ 0.4ರಿಂದ 20.3, ಕಡೆಯ ಮೂರು ತಿಂಗಳಿಗೆ 0.4ರಿಂದ 8.1 ಎಂದು ಕೊಟ್ಟಿದೆ. ನಡುವೆ ಏರಿ ಕೊನೆಗೆ ಇಳಿದಂತೆ ತೋರುವ ಈ ವಿಚಿತ್ರಕ್ಕೆ ಹೆಚ್ಚು ಅರ್ಥ ಕಲ್ಪಿಸಬೇಕಾಗಿಲ್ಲ. ಬೇರೆ ಬೇರೆ ಕಡೆ, ಬೇರೆ ಬೇರೆ ಹೆಂಗಸರಲ್ಲಿ ಅಳೆದುದನ್ನು ಒಂದೇ ಪಟ್ಟಿಯಲ್ಲಿ ಜೋಡಿಸಿದಾಗ ಹೀಗಾಗುವುದುಂಟು. ಸ್ಥೂಲಕಾಯದವರಲ್ಲಿ ಬಸಿರಿಲ್ಲದಿದ್ದರೂ ಈ ಅಂಕೆ ಕೊಂಚ ಮೇಲೆಯೇ ಇರುವುದು. ಹೀಗಾಗಿ ನೋವು ಆರಂಭವಾಗದ, ಜ್ವರವಿಲ್ಲದ, ಬೇರೆ ತೊಂದರೆಯಿಲ್ಲದ ಒಂಬತ್ತು ತಿಂಗಳ ಬಸುರಿಯಲ್ಲಿ 7 ಎಂಬುದು ಮಾತಾಡಿಕೊಳ್ಳಬೇಕಾದ ಅಂಕೆಯೇ ಅಲ್ಲ. ಹನ್ನೆರಡೋ ಹದಿನೈದೋ ಇದ್ದರೂ ಅದೊಂದರಿಂದಲೇ ಔಷಧಕ್ಕೆ ಕೈಹಾಕಬೇಕಾಗಿಲ್ಲ. ನೆಗಡಿಯೋ ಹಲ್ಲಿನ ವಸಡಿನ ಊತವೋ ಸಾಕು ಅಷ್ಟಕ್ಕೆ. ಆದರೆ 40, 60, 100 ಎಂದು ಬಂದಲ್ಲಿ ಬಸಿರಿನ ಮೇಲೆ ಹೊಣೆ ಹೊರಿಸುವುದು ಸಲ್ಲದು. ಬಸಿರು ತಾನಾಗಿಯೇ ಅಷ್ಟು ಎತ್ತರಕ್ಕೆ ಕೊಂಡೊಯ್ಯುವುದಿಲ್ಲ, ಕಾರಣವನ್ನು ಹುಡುಕಲೇಬೇಕು.

ಇಲ್ಲಿ ಚಿಕ್ಕದೊಂದು ಎಚ್ಚರಿಕೆ. ಕೆಲವು ಪ್ರಯೋಗಶಾಲೆಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ, ಕೆಲವು ಡೆಸಿಲೀಟರಿಗೆ ಇಷ್ಟೆಂದೂ ಬರೆಯುತ್ತವೆ. ಡೆಸಿಲೀಟರೆಂದರೆ ಲೀಟರಿನ ಹತ್ತನೆಯ ಒಂದು ಪಾಲು. ಒಂದು ಕಡೆ 0.7 ಎಂದಿರುವುದೂ ಇನ್ನೊಂದು ಕಡೆ 7 ಎಂದಿರುವುದೂ ಒಂದೇ. ಹೋದ ವಾರ 0.7 ಇದ್ದುದು ಈ ವಾರ ಹತ್ತುಪಟ್ಟು ಏರಿತೆಂದು ಗಾಬರಿಗೊಳ್ಳುವ ಮುನ್ನ ಅಂಕೆಯ ಪಕ್ಕದ ಸಣ್ಣಕ್ಷರವನ್ನು ಓದಿಕೊಳ್ಳಬೇಕು. ಇದಕ್ಕಿಂತ ಕೆಟ್ಟದ್ದು ತಿರುಗುಮುರುಗಾಗಿ ಓದುವುದು: ಡೆಸಿಲೀಟರಿಗೆ 6 ಎಂದಿರುವುದನ್ನು ಲೀಟರಿಗೆ 6 ಎಂದು ತಿಳಿದು ಸುಮ್ಮನಾದರೆ, 60ನ್ನು ಕಡೆಗಣಿಸಿದಂತಾಯಿತು.

ಸಿ. ಆರ್. ಪಿ. ಗೆ ನಿಜವಾದ ಕೆಲಸ ಬೀಳುವುದು ಯಾವಾಗ? ಮೂವತ್ತೇಳು ವಾರ ತುಂಬುವ ಮೊದಲೇ, ನೋವಿಲ್ಲದೆ, ನೀರು ಒಡೆದುಹೋದಾಗ. ಮಗುವಿನ ಸುತ್ತಣ ಚೀಲವೇ ಅದಕ್ಕೆ ಕೋಟೆ. ಅದು ಒಡೆದ ಮೇಲೆ ಸೂಕ್ಷ್ಮಜೀವಿಗಳು ಒಳಕ್ಕೆ ಏರಬಹುದು. ಆಗ ವೈದ್ಯರ ಮುಂದೆ ಕಠಿನವಾದ ತೂಕವೊಂದು ಬರುತ್ತದೆ. ಮಗುವನ್ನು ಈಗಲೇ ಹೊರತೆಗೆದರೆ ಅದು ಅಪಕ್ವ. ಕಾದರೆ ತಾಯಿಗೂ ಮಗುವಿಗೂ ಸೋಂಕಿನ ಭಯ. ಇಂಥಲ್ಲಿ ಒಂದು ಅಂಕೆ ನಿರ್ಣಯ ಹೇಳಿಬಿಟ್ಟರೆ ಎಷ್ಟು ಚೆನ್ನಾಗಿತ್ತು! ಆದರೆ ಅದು ಹೇಳಲಾರದು. ನೈಸ್ ಎಂದು ಹೆಸರಾದ ಇಂಗ್ಲೆಂಡಿನ ಆರೋಗ್ಯ ಸಂಸ್ಥೆಯು 2015ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಈ ಬಗೆಗೆ ಸ್ಪಷ್ಟವಾಗಿದೆ: ತಾಯಿಯ ದೇಹಸ್ಥಿತಿ, ಸಿ. ಆರ್. ಪಿ., ಬಿಳಿಯ ಕಣಗಳು, ಮಗುವಿನ ಎದೆಬಡಿತ ಇವನ್ನು ಒಟ್ಟಿಗೆ ನೋಡಬೇಕು. ಇವುಗಳಲ್ಲಿ ಯಾವುದೊಂದನ್ನೇ ಹಿಡಿದು ಸೋಂಕು ಉಂಟೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸಬಾರದು. ಅಂಕೆಯನ್ನು ಮರಳಿ ಮರಳಿ ಅಳೆದಾಗಲೇ ಅದಕ್ಕೆ ಬೆಲೆ. ಮೊದಲ ದಿನ 6, ಮರುದಿನ 11, ಮೂರನೆಯ ದಿನ 34 ಎಂದಾದರೆ, ಆ ಏರುವ ಹಾದಿಯೇ ಮಾತನಾಡುತ್ತದೆ. ನಾಲ್ಕು ದಿನವೂ 12ರಲ್ಲಿಯೇ ನಿಂತದ್ದು ಅಷ್ಟು ಭಯಕ್ಕೆ ಕಾರಣವಲ್ಲ. ತಾಯಿಯ ಸಿ. ಆರ್. ಪಿ. ಮಾಸನ್ನು ದಾಟಿ ಮಗುವಿನ ರಕ್ತಕ್ಕೆ ಹೋಗುವುದಿಲ್ಲ. ಆದುದರಿಂದ ಈ ಅಂಕೆ ತಾಯಿಯ ದೇಹದ ಸುದ್ದಿ, ಮಗುವಿನದಲ್ಲ.

ಸೂಚಕವು ಸುಮ್ಮನಿದ್ದ ಮಾತ್ರಕ್ಕೆ ಸೋಂಕಿಲ್ಲವೆನ್ನುವಂತೆಯೂ ಇಲ್ಲ. ಜ್ವರ ಬಂದ ಮೊದಲ ನಾಲ್ಕು ಗಂಟೆಯಲ್ಲಿ ರಕ್ತ ತೆಗೆದರೆ ನಗಾರಿಯವನು ಇನ್ನೂ ಕೋಲನ್ನೇ ಎತ್ತಿರುವುದಿಲ್ಲ. ಬಸುರಿಯರಲ್ಲಿ ನೂರಕ್ಕೆ ಎರಡರಿಂದ ಹತ್ತು ಮಂದಿಯ ಮೂತ್ರದಲ್ಲಿ ಉರಿಯಾಗಲಿ ನೋವಾಗಲಿ ಇಲ್ಲದೆ ಸೂಕ್ಷ್ಮಜೀವಿಗಳು ಬೆಳೆಯುತ್ತಿರುತ್ತವೆ. ಚಿಕಿತ್ಸೆ ದೊರೆಯದಿದ್ದಲ್ಲಿ ಅವು ಮೂತ್ರಪಿಂಡಕ್ಕೇರಿ ಚಳಿಜ್ವರವನ್ನು ತಂದು, ಅಕಾಲದ ಹೆರಿಗೆಗೂ ಕಾರಣವಾಗಬಹುದು. ಇದನ್ನು ಸಿ. ಆರ್. ಪಿ. ಯಿಂದ ಕಂಡುಹಿಡಿಯುವಂತಿಲ್ಲ, ಮೂತ್ರವನ್ನೇ ಪ್ರಯೋಗಶಾಲೆಯಲ್ಲಿ ಬೆಳೆಯಿಸಿ ನೋಡಬೇಕು. ಅಗ್ಗವಾದ ಈ ಪರೀಕ್ಷೆಯನ್ನು ಬಿಟ್ಟು ಕಾಗದದ ತುಂಬ ನಕ್ಷತ್ರ ತರುವ ಪರೀಕ್ಷೆಗಳನ್ನು ಮಾಡಿಸುವ ಮನೆಗಳನ್ನು ನಾವು ಕಂಡಿದ್ದೇವೆ.

ಆದುದರಿಂದ ಕಾಗದದಲ್ಲಿ ಏನೇ ಇರಲಿ, ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳನ್ನು ಮನೆಯವರೆಲ್ಲರೂ ತಿಳಿದಿರತಕ್ಕದ್ದು. ಮೈಯ ಬಿಸಿ 38 ಡಿಗ್ರಿ, ಫಾರನ್‌ಹೀಟಿನ ಲೆಕ್ಕದಲ್ಲಿ 100.4, ಮುಟ್ಟಿದರೆ, ನಡುಕ ಬಂದರೆ, ನೀರು ಹೋದರೆ, ಅಥವಾ ಹೋಗುತ್ತಿರುವುದರಲ್ಲಿ ದುರ್ವಾಸನೆಯಿದ್ದರೆ, ಹೊಟ್ಟೆಯನ್ನು ಮುಟ್ಟಿದರೆ ನೋವಾದರೆ, ಉಸಿರು ಏದುತ್ತಿದ್ದರೆ, ಮಗುವಿನ ಮಿಸುಕಾಟ ಕಡಿಮೆಯಾಯಿತೆಂದು ತಾಯಿಗೆ ತೋರಿದರೆ. ಈ ಕಡೆಯ ಮಾತನ್ನು ಆಕೆ ಹೇಳಿದಾಗ “ಎಲ್ಲಾ ಸರಿಹೋಗುತ್ತಮ್ಮ, ಮಲಗು” ಎನ್ನುವ ಹಿರಿಯರು ಬಹಳ. ದಯವಿಟ್ಟು ಹಾಗೆನ್ನಬೇಡಿ.

ಹೆರಿಗೆಯಾದ ಮೇಲಿನ ಮಾತೊಂದು ಉಳಿದಿದೆ. ಬಾಣಂತಿಜ್ವರ, ಬಾಣಂತಿ ಸನ್ನಿ ಎಂದು ನಮ್ಮ ಹಿರಿಯರು ಹೆದರುತ್ತಿದ್ದುದಕ್ಕೆ ಕಾರಣವುಂಟು. 1847ರಲ್ಲಿ ವಿಯೆನ್ನದ ಇಗ್ನಾಟ್ಸ್ ಸೆಮ್ಮೆಲ್‌ವೈಸ್ ವೈದ್ಯರ ಕೈಗಳನ್ನು ಕ್ಲೋರಿನ್ ನೀರಿನಲ್ಲಿ ತೊಳೆಯಿಸಿ ಸಾವನ್ನು ತಗ್ಗಿಸಿ ತೋರಿಸಿದನು. 1936ರಲ್ಲಿ ಲಂಡನ್ನಿನ ಲೆನಾರ್ಡ್ ಕೋಲ್‌ಬ್ರೂಕ್ ಪ್ರಾಂಟೊಸಿಲ್ ಎಂಬ ಮದ್ದಿನಿಂದ ಆ ಜ್ವರವನ್ನು ಗುಣಪಡಿಸಬಹುದೆಂದು ವರದಿ ಮಾಡಿದನು. ಇಂದಿಗೂ ಬಾಣಂತಿಯ ಜ್ವರವನ್ನು ಹಗುರವಾಗಿ ಎಣಿಸುವಂತಿಲ್ಲ. ಆದರೆ ಹೆರಿಗೆಯ ಮರುದಿನ ತೆಗೆದ ರಕ್ತದಲ್ಲಿ ಸಿ. ಆರ್. ಪಿ. ಏರಿರುವುದು ಸಹಜವೇ, ಶಸ್ತ್ರಚಿಕಿತ್ಸೆಯಿಂದ ಹೆರಿಗೆಯಾದವರಲ್ಲಿ ಎರಡನೆಯ ದಿನ ಅದು ನೂರನ್ನೂ ದಾಟಬಹುದು. ಜ್ವರವಿಲ್ಲದೆ, ಗಾಯ ಒಣಗುತ್ತ, ತಾಯಿ ಗೆಲುವಾಗಿದ್ದರೆ ಮೂರನೆಯ ದಿನದಿಂದ ಅದು ಇಳಿಮುಖವಾಗುವುದು. ಇಳಿಯುತ್ತಿದ್ದುದು ಐದಾರನೆಯ ದಿನ ಮತ್ತೆ ಏರತೊಡಗಿದರೆ, ಗಾಯವನ್ನೂ ಗರ್ಭಕೋಶವನ್ನೂ ಮೊಲೆಗಳನ್ನೂ ಮೂತ್ರವನ್ನೂ ವೈದ್ಯರು ಆ ದಿನವೇ ಪರೀಕ್ಷಿಸಬೇಕು.